ಒಂದೂವರೆ ದಿನದ ಊರು

ಜನವರಿ 9, ಸೋಮವಾರ

ಡಾಕ್ಟರಿಗೆ ತೋರಿಸಲು ಬೇರೆ ಪುಸ್ತಕವಿದೆ. ಅಪ್ಪ ಎಷ್ಟು ಹೊತ್ತಿಗೆ ಎದ್ದ, ಏನು ಮರೆತ, ಮಾತ್ರೆ ನುಂಗಿದನೋ ಉಗುಳಿದನೋ ಎಲ್ಲ ಅದರಲ್ಲಿ ಬರೆಯುತ್ತೇನೆ. ಇದು ನನ್ನ ಹೊಟ್ಟೆಯುರಿಗೆ.

ಇವತ್ತು ಮೊದಲ ಸಲ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದೆ. ಕೆಳಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, "ಹೋಗು ತಾಯಿ, ನಾನು ಕಿವಿ ಕೊಟ್ಟಿರ್ತೀನಿ" ಅಂದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾ ಇಡೀ ದಿನ ಕಳೆದೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಕೀಲಿಕೈ ಬಗ್ಗಿದಾಗಲೆಲ್ಲ ಚುಚ್ಚುತ್ತಿತ್ತು.

ಸಂಜೆ ಬಾಗಿಲು ತೆಗೆದರೆ ಅಪ್ಪ ಮಂಚದ ಮೇಲೆ ಕೂತಿದ್ದ. ಕಾಲಿಗೆ ಶೂ, ತಲೆಗೆ ಟೋಪಿ, ತೊಡೆಯ ಮೇಲೆ ಮಡಿಸಿದ ಛತ್ರಿ.

"ಗ್ರೂಪು ಬಂತಾ?"

"ಯಾವ ಗ್ರೂಪೂ ಇಲ್ಲ. ಶೂ ಬಿಚ್ಚು."

ರೂಮಿನ ಕೀಲಿ ಕಳೆದುಹಾಕಿದ ಹೋಟೆಲಿನವಳನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಜೀವನವಿಡೀ ಗೈಡ್ ಆಗಿದ್ದವನು. ಬಂದವರಿಗೆ ಈ ಊರು ತೋರಿಸಿ ತೋರಿಸಿ ಕಾಲು ಸವೆಸಿದವನು. ಅಪ್ಪನನ್ನು ಊರವರು ಮಾತಿನ ಮಲ್ಲ ಅನ್ನುತ್ತಿದ್ದರು. ಆ ಮಲ್ಲನನ್ನು ನಾನು ಮನೆಯಲ್ಲಿ ಕಂಡಿದ್ದೇ ಇಲ್ಲ. ಬಂದವನೇ ಶೂ ಕಳಚಿ, ಅದರ ಜೊತೆಗೆ ಬಾಯನ್ನೂ ಕಳಚಿಟ್ಟಂತೆ ಕೂತುಬಿಡುತ್ತಿದ್ದ. ಅಮ್ಮ ಏನಾದರೂ ಕೇಳಿದರೆ, "ಇವತ್ತಿನ ಮಾತೆಲ್ಲ ಖರ್ಚಾಯ್ತು ಕಣೇ" ಅನ್ನುತ್ತಿದ್ದ. ಎಲ್ಲರ ರಜಾದಿನಗಳು ಅವನಿಗೆ ಕೆಲಸದ ದಿನಗಳು. ಅಮ್ಮ ಆಸ್ಪತ್ರೆಯಲ್ಲಿ ತೀರಿಹೋದ ದಿನವೂ ಅವನು ಯಾರನ್ನೋ ಗುಡ್ಡ ಹತ್ತಿಸುತ್ತಿದ್ದ. ಸಂಜೆ ಬಂದ. ಛತ್ರಿಯನ್ನು ಗೋಡೆಗೆ ಒರಗಿಸಿ ನಿಂತ.

ಆ ದಿನದ ಬಗ್ಗೆ ನಾವು ಯಾವತ್ತೂ ಮಾತಾಡಿಲ್ಲ. ಈಗ ಮಾತಾಡೋಣವೆಂದರೆ ಅವನ ಹತ್ತಿರ ಆ ದಿನವೇ ಇಲ್ಲ.

ಜನವರಿ 15, ಭಾನುವಾರ

ಅಣ್ಣ ಬಂದಿದ್ದ. ಅತ್ತಿಗೆ ಬರಲಿಲ್ಲ. ಅಪ್ಪ ಹೋದ ಸಲ ಅವಳನ್ನು "ನಿಮ್ಮ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದ್ದು ಮನಸ್ಸಿಗೆ ಹತ್ತಿದೆಯಂತೆ.

"ಬೀಗ ಹಾಕ್ಕೊಂಡು ಹೋಗ್ತಿದೀಯಂತೆ. ದರ್ಜಿ ಹೇಳಿದ್ರು. ಏನಾದ್ರೂ ಆದ್ರೆ?"

"ನೀನು ಬಂದು ಕೂತ್ಕೋ ಹಾಗಾದ್ರೆ."

"ನಾನು ವೈರಿಂಗ್ ಕೆಲಸ ಬಿಟ್ಟು ಹೇಗೆ ಕೂತ್ಕೊಳ್ಳಲಿ? ನೋಡು, ನಾನೇನು ಕೈ ತೊಳ್ಕೊಳ್ತಿಲ್ಲ. ಹೊರವಲಯದಲ್ಲಿ ಒಂದು ಆರೈಕೆ ಮನೆ ಇದೆ, ನೋಡಿ ಬಂದೆ. ಚೊಕ್ಕವಾಗಿದೆ, ಹಿಂದೆ ತೋಟ ಇದೆ. ಜಾಗ ಖಾಲಿಯಾದ್ರೆ ಹೇಳ್ತಾರೆ. ಹೆಸರು ಕೊಟ್ಟಿದ್ದೀನಿ."

ನಾನು ಬೇಡ ಅನ್ನಲಿಲ್ಲ. ಅದನ್ನು ಇಲ್ಲಿ ಬರೆದಿಡಬೇಕು. ಒಳಗೊಳಗೇ, ಅಬ್ಬ, ಅನ್ನಿಸಿತು. ಅಪ್ಪ ಪಕ್ಕದ ಕೋಣೆಯಿಂದ ಬಂದು ಅಣ್ಣನ ಕೈ ಕುಲುಕಿ, "ಪ್ರಯಾಣ ಸುಖವಾಗಿತ್ತಾ?" ಎಂದ.

"ಸುಖವಾಗಿತ್ತು ಅಪ್ಪ" ಎಂದು ಅಣ್ಣ ಮುಖ ಆಚೆ ತಿರುಗಿಸಿದ.

ಜನವರಿ 17, ಮಂಗಳವಾರ

ಅಪ್ಪನ ಹಳೆಯ ನಂಬರು ಈಗ ನನ್ನ ಫೋನಿನಲ್ಲಿದೆ. ಇವತ್ತು ಒಬ್ಬ ಹೆಂಗಸು ಮಾಡಿದಳು. ಗಂಟಲು ಮೈಕಿನಂತಿತ್ತು.

"ಗೈಡ್ ಸಾರ್ ಇದಾರಾ? ನಾನು ಮದುವೆಯಾದ ಹೊಸದರಲ್ಲಿ ನಿಮ್ಮೂರಿಗೆ ಬಂದಿದ್ದೆ. ಅವರೇ ತೋರಿಸಿದ್ದು. ಈಗ ಬ್ಯಾಂಕಿಂದ ರಿಟೈರಾಗಿದೀನಿ, ನಿಮ್ಮೂರ ಮೇಲೆ ಹಾದು ಹೋಗ್ತಾ ಇದೀನಿ. ಒಂದೂವರೆ ದಿನ ಬಿಡುವಿದೆ. ಯಜಮಾನರು ಬರಲ್ಲ, ಅವರು ಟಿವಿ ಬಿಟ್ಟು ಏಳಲ್ಲ. ನಾನೊಬ್ಬಳೇ. ನನಗೆ ಅದೇ ಗೈಡೇ ಬೇಕು, ಬೇರೆ ಯಾರೂ ಬೇಡ."

ಅವರು ಈಗ ಕೆಲಸ ಬಿಟ್ಟಿದ್ದಾರೆ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಪ್ಪ ಹಿಂದಿನಿಂದ ಬಂದು ಫೋನು ಕಿತ್ತುಕೊಂಡ.

"ನಮಸ್ಕಾರ ಮೇಡಂ. ಎಷ್ಟು ದಿನ ಇರ್ತೀರಿ? ಎಷ್ಟು ಜನ? ಮಂಡಿ ಹೇಗಿದೆ, ಮೆಟ್ಟಿಲು ಹತ್ತೀರಾ? ಬಿಸಿಲಿಗೆ ತಲೆನೋವು ಬರುತ್ತಾ?"

ನಾನು ಗೋಡೆಗೆ ಆನಿಕೊಂಡು ನಿಂತೆ. ಇಷ್ಟು ಹತ್ತಿರದಿಂದ ಆ ದನಿಯನ್ನು ಕೇಳಿರಲಿಲ್ಲ. ಆತುರವಿಲ್ಲದ ದನಿ, ನಗು ಒಳಗೆ ಇಟ್ಟುಕೊಂಡ ದನಿ. ಹೀಗೂ ಮಾತಾಡಲು ಬರುತ್ತಿತ್ತೇ ಇವನಿಗೆ?

ಫೆಬ್ರವರಿ ನಾಲ್ಕಕ್ಕೆ ಬರುವುದೆಂದು ಮಾತಾಯಿತು. ಫೋನು ನನ್ನ ಕೈಗೆ ಕೊಟ್ಟು ಅಪ್ಪ ನೀರು ಕುಡಿಯಲು ಹೋದ. ಮರಳಿ ಬಂದು, "ಫೋನು ಯಾರದು?" ಎಂದ.

ನಾಳೆ ಅವಳಿಗೆ ಹೇಳಿ ರದ್ದು ಮಾಡಬೇಕು.

ಜನವರಿ 20, ಶುಕ್ರವಾರ

ರದ್ದು ಮಾಡಿಲ್ಲ. ಆ ಫೋನು ಬಂದ ದಿನ ಅಪ್ಪ ತಟ್ಟೆ ಖಾಲಿ ಮಾಡಿದ್ದ, ಅದೊಂದೇ ಕಾರಣ. ಬ್ಯಾಂಕಿನವಳು, ನಾನು ಅವಳಿಗೆ ಬ್ಯಾಂಕಮ್ಮ ಎಂದು ಹೆಸರಿಟ್ಟಿದ್ದೇನೆ, ದಿನಾ ಸಂದೇಶ ಕಳಿಸುತ್ತಾಳೆ. ಎಲ್ಲಿ ಮೊದಲು, ಎಲ್ಲಿ ಆಮೇಲೆ, ಎಲ್ಲವೂ ಮುಂಚೆಯೇ ಗೊತ್ತಾಗಬೇಕಂತೆ.

ಅಪ್ಪನನ್ನೇ ಕೇಳಿದೆ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಟ್ಟು, "ಇದು ಕೋಟೆ ಬಾಗಿಲು" ಎಂದ. ನೀರಿನ ಲೋಟ ಕೆರೆ. ಚಮಚ ಹಿತ್ತಾಳೆ ಬೀದಿ. ಬೋರಲು ಹಾಕಿದ ಬಟ್ಟಲು ಗುಡ್ಡ.

"ಕೋಟೆ ಬೆಳಿಗ್ಗೆಯೇ ಆಗ್ಬೇಕು, ಬಿಸಿಲು ಜನರ ಬೆನ್ನಿಗಿರ್ಬೇಕು. ಕಣ್ಣಿಗೆ ಬಿದ್ರೆ ಯಾರೂ ಕಥೆ ಕೇಳಲ್ಲ. ಮೊದಲು ಶೌಚಾಲಯ ಎಲ್ಲಿದೆ ತೋರಿಸು, ಇತಿಹಾಸ ಆಮೇಲೆ. ಗಲಾಟೆ ಇದ್ದ ಕಡೆ ದನಿ ಏರಿಸ್ಬಾರ್ದು, ಇಳಿಸ್ಬೇಕು. ಆಗ ಅವರೇ ಹತ್ತಿರ ಬರ್ತಾರೆ. ಗುಡ್ಡ ಎರಡನೇ ದಿನ. ಗುಡ್ಡ ಮೊದಲ ದಿನವೇ ತೋರಿಸಿಬಿಟ್ರೆ ಊರು ಮುಗಿದುಹೋಗುತ್ತೆ."

ಬಟ್ಟಲನ್ನು ಸ್ವಲ್ಪ ಈಚೆ ಸರಿಸಿ ನನ್ನ ಮುಖ ನೋಡಿದ. "ನೀನು ಹೊಸಬಳಾ? ಆಫೀಸಿಂದ ಕಳಿಸಿದ್ರಾ?"

"ಹೂಂ" ಎಂದೆ.

"ಕಲೀತೀಯಾ. ಮುಖದಲ್ಲಿ ಗೊತ್ತಾಗುತ್ತೆ."

ಮೂವತ್ತು ವರ್ಷದ ಹಿಂದೆ ಹೇಳಿದ್ದರೆ ಏನಾಗುತ್ತಿತ್ತು ಮಹಾರಾಯ.

ಜನವರಿ 26, ಗುರುವಾರ

ಪ್ರತಿ ಸಂಜೆ ಹೊಸದಾಗಿ ಶುರು. ಉಪ್ಪಿನ ಡಬ್ಬಿ, ಲೋಟ, ಚಮಚ, ಬಟ್ಟಲು. ಅಂಗಡಿ ಮಾಲೀಕರನ್ನು ಕೇಳಿ ಸಂಜೆ ಬೇಗ ಬಿಡಿಸಿಕೊಂಡಿದ್ದೇನೆ. ನನಗೆ ಎಲ್ಲ ಬಾಯಿಪಾಠ. ಇವತ್ತು ಬೇಕೆಂದೇ ಕೆರೆಯನ್ನು ಬೆಳಿಗ್ಗೆಗೆ ಇಟ್ಟೆ. ಅಪ್ಪ ಲೋಟದ ಮೇಲೆ ಕೈ ಮುಚ್ಚಿ, "ಬೆಳಿಗ್ಗೆ ಕೆರೆಯಲ್ಲಿ ಏನಿದೆ? ನೀರಿದೆ ಅಷ್ಟೆ. ಸಂಜೆ ಇಡು" ಎಂದ. ನನಗೆ ನಗು ಬಂತು. ಅವನಿಗೂ ಬಂತು.

ಆಮೇಲೆ ಮನೆಯೊಳಗೇ ನಡೆದು ತೋರಿಸಿದ. ಗೈಡುಗಳು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾರೆ, ಬೆನ್ನು ದಾರಿಗೆ, ಮುಖ ಜನರಿಗೆ. ಹಾಗೆ ಹೋಗಿ ಮಂಚಕ್ಕೆ ಕಾಲು ತಗುಲಿ ಧೊಪ್ಪನೆ ಕೂತ. ಓಡಿ ಹೋಗಿ ತೋಳು ಹಿಡಿದೆ. "ಇಲ್ಲೊಂದು ಮೆಟ್ಟಿಲಿತ್ತಲ್ಲ" ಎಂದ, ಅಷ್ಟೆ.

ಜನವರಿ 29, ಭಾನುವಾರ

ಅಣ್ಣನಿಗೆ ಹೇಳಿದೆ. ಹೇಳಬಾರದಿತ್ತು.

"ತಲೆ ನೆಟ್ಟಗಿದೆಯಾ ನಿನಗೆ? ಬಚ್ಚಲುಮನೆ ದಾರಿ ತಪ್ಪಿಸ್ಕೊಳ್ಳೋ ಮನುಷ್ಯನ ಕೈಲಿ ಊರು ತೋರಿಸ್ತೀಯಾ?"

"ನಾನು ಜೊತೆಗಿರ್ತೀನಿ."

"ಜನರ ಮುಂದೆ ಅವರ ಮರ್ಯಾದೆ ಹೋದ್ರೆ? ಅವರಿಗಿರೋದು ಅದೊಂದೇ ಅಲ್ವಾ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಸಿಟ್ಟು ಬಂತು. "ನಿನ್ನನ್ನಾದ್ರೂ ಜೊತೆಗೆ ಕರ್ಕೊಂಡು ಹೋಗ್ತಿದ್ದ. ನನ್ನನ್ನ ಒಂದು ದಿನ ಕರೀಲಿಲ್ಲ" ಎಂದುಬಿಟ್ಟೆ. ನಲವತ್ತು ದಾಟಿದ ಹೆಂಗಸು ಆಡುವ ಮಾತೇ ಅದು?

ಅಣ್ಣನ ಸಿಟ್ಟು ಇಳಿಯಿತು. "ನನಗೆ ಬೇಜಾರಾಗ್ತಿತ್ತು ಕಣೇ. ಕಾಲು ನೋವು, ಬಿಸಿಲು. ನೀನು ಹೋಗಬಹುದಿತ್ತು ನನ್ನ ಬದಲು."

ಫೆಬ್ರವರಿ 3, ಶುಕ್ರವಾರ

ಶೂಗೆ ಪಾಲಿಶ್ ಹಾಕಿದೆ. ದರ್ಜಿ ಅಂಗಿಯ ಕಾಲರು ತಿರುವಿ ಹೊಲಿದುಕೊಟ್ಟರು. ದೇವರೇ, ನಾಳೆ ಒಂದು ದಿನ.

ಫೆಬ್ರವರಿ 4, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಬ್ಯಾಂಕಮ್ಮ ಕೋಟೆ ಬಾಗಿಲಲ್ಲಿ ಕಾಯುತ್ತಿದ್ದಳು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕಾಲಿಗೆ ಆಟದ ಶೂ ಹಾಕಿಕೊಂಡು. ಅಪ್ಪನನ್ನು ಕಂಡವಳೇ, "ಸಾರ್, ಕೂದಲು ಮಾತ್ರ ಬಿಳಿಯಾಗಿದೆ!" ಎಂದಳು. ಅಪ್ಪ ಟೋಪಿ ತೆಗೆದು, "ಬಣ್ಣ ಮಾಸಿದೆ, ಗೋಡೆ ಗಟ್ಟಿ ಇದೆ" ಎಂದ. ನಾನು ಸಹಾಯಕಿ ಎಂದು ಹೇಳಿಕೊಂಡೆ.

ಬಾಗಿಲ ಕೆಳಗೆ ನಿಂತು ಛತ್ರಿ ಎತ್ತಿದ. ದನಿ ಇಳಿಸಿದ. ಬ್ಯಾಂಕಮ್ಮ ಒಂದು ಹೆಜ್ಜೆ ಹತ್ತಿರ ಬಂದಳು, ನಾನೂ ಬಂದೆ.

"ಈ ಬಾಗಿಲು ಕಟ್ಟಿದಾಗಿಂದ ಇವತ್ತಿನವರೆಗೆ ಒಂದು ಸಲವೂ ಶತ್ರುಗಳು ಇದನ್ನ ಮುರಿದಿಲ್ಲ. ಯಾಕೆ ಗೊತ್ತಾ?" ಸ್ವಲ್ಪ ತಡೆದ. "ಯಾರೂ ಮುರಿಯೋಕೆ ಬರಲೇ ಇಲ್ಲ."

"ಆವತ್ತೂ ಇದನ್ನೇ ಹೇಳಿದ್ರಿ! ನಮ್ಮೆಜಮಾನರು ಈಗಲೂ ಹೇಳ್ಕೊಂಡು ನಗ್ತಾರೆ" ಎಂದು ಅವಳು ನಕ್ಕಳು. ಅಪ್ಪ ಕಲ್ಲುಗಳನ್ನು ಮುಟ್ಟಿಸಿದ, ಗೋಡೆಯಲ್ಲಿ ಕಲ್ಲುಕುಟಿಗರು ಬೇಸರಕ್ಕೆ ಕೆತ್ತಿದ ಬೆಕ್ಕನ್ನು ತೋರಿಸಿದ. ಒಂದು ಮಾತೂ ತಪ್ಪಲಿಲ್ಲ. ನನಗೆ ಎದೆಯುಬ್ಬಿತು. ಅಣ್ಣನಿಗೆ ಫೋನು ಮಾಡಿ ಕೇಳಿಸಬೇಕು ಅನ್ನಿಸಿತು.

ಬಿಸಿಲೇರುತ್ತಾ ಬಂತು. ಹಿತ್ತಾಳೆ ಬೀದಿಗೆ ಹೋಗುವ ದಾರಿಯಲ್ಲಿ ಒಂದು ಬೀಡಿ ಅಂಗಡಿಯ ಮುಂದೆ ಅಪ್ಪ ನಿಂತ. ಛತ್ರಿ ಎತ್ತಿದ. "ಈ ಬಾಗಿಲು ಕಟ್ಟಿದಾಗಿಂದ..." ಎಂದ.

ಅಲ್ಲಿ ಬಾಗಿಲೇ ಇರಲಿಲ್ಲ. ಬ್ಯಾಂಕಮ್ಮ ಮೊದಲು ತಮಾಷೆ ಅಂದುಕೊಂಡಳು. ಕಥೆ ಮುಗಿದಾಗ ಅವಳ ನಗು ಅರ್ಧಕ್ಕೆ ನಿಂತಿತು, ನನ್ನ ಮುಖ ನೋಡಿದಳು. "ಅಪ್ಪ, ಹಿತ್ತಾಳೆ ಬೀದಿ" ಎಂದು ನಾನು ಪಿಸುಗುಟ್ಟಿದೆ. ಅಪ್ಪನ ಕಣ್ಣು ಅತ್ತ ಇತ್ತ ಓಡಿತು. ಬೀದಿಯಲ್ಲಿ ಎಲ್ಲ ಕಡೆಯಿಂದ ಪಾತ್ರೆ ಬಡಿಯುವ ಸದ್ದು. ಅವನು ಹಿಂದೆ ಹಿಂದೆ ನಡೆಯುತ್ತಾ ಏನೋ ಹೇಳುತ್ತಿದ್ದ, ಕೇಳಿಸುತ್ತಿರಲಿಲ್ಲ. ಒಂದು ಕೈಗಾಡಿ ಅಡ್ಡ ಬಂತು. ಗಾಡಿ ಸರಿದಾಗ ಅಪ್ಪ ಅಲ್ಲಿರಲಿಲ್ಲ.

ಹುಡುಕಿದೆವು. ಅಂಗಡಿ ಅಂಗಡಿಗೆ ನುಗ್ಗಿ ಕೇಳಿದೆವು. ಬ್ಯಾಂಕಮ್ಮ ನನ್ನ ಕೈ ಹಿಡಿದುಕೊಂಡೇ ಓಡುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಮುಚ್ಚಿಹೋದ ಚಿತ್ರಮಂದಿರದ ಮೆಟ್ಟಿಲ ಮೇಲೆ. ಬೆವರಿ ತೊಪ್ಪೆಯಾಗಿದ್ದ. ಬೆರಳು ಮಡಿಸಿ ಬಿಡಿಸಿ ಎಣಿಸುತ್ತಿದ್ದ.

"ಇನ್ನೂ ಬಂದಿಲ್ಲ. ಎಲ್ಲರೂ ಬಂದಿಲ್ಲ."

ನಾನು ತಡೆಯಲಾರದೆ ತೋಳು ಹಿಡಿದು ಎಬ್ಬಿಸಲು ಹೋದೆ. ಕೊಸರಿಕೊಂಡ. ಛತ್ರಿಯ ಹಿಡಿ ನನ್ನ ಕೆನ್ನೆಗೆ ಬಡಿಯಿತು, ಕನ್ನಡಕ ಹಾರಿ ಮೆಟ್ಟಿಲ ಮೇಲೆ ಬಿತ್ತು.

"ಯಾರು ಈ ಹೆಂಗಸು? ಬೆಳಿಗ್ಗೆಯಿಂದ ನಮ್ಮ ಹಿಂದೆ ಬರ್ತಿದಾಳೆ! ಹೋಗಮ್ಮ, ಹೋಗು!"

ಜನ ಸೇರಿದರು. ಯಾರೋ ನಗುತ್ತಿದ್ದರು. ನಾನು ಬಗ್ಗಿ ಒಡೆದ ಕನ್ನಡಕ ಹೆಕ್ಕಿಕೊಂಡೆ.

ಬ್ಯಾಂಕಮ್ಮ ಹೋಗಿ ಅವನ ಪಕ್ಕದಲ್ಲಿ, ಅದೇ ಧೂಳಿನಲ್ಲಿ ಕೂತಳು. "ಎಲ್ಲರೂ ಬಂದ್ರು ಸಾರ್. ನಾನೇ ಕೊನೆಯವಳು" ಎಂದಳು.

ಅಪ್ಪ ಅವಳನ್ನು ನೋಡಿದ. ಎಣಿಸುವುದು ನಿಂತಿತು. "ಸರಿ ಹಾಗಾದ್ರೆ. ಇವತ್ತಿಗೆ ಸಾಕು. ನೀವೂ ದಣಿದಿದೀರಿ."

ಮನೆಯ ಮೆಟ್ಟಿಲಲ್ಲಿ ಅವಳು ನನ್ನನ್ನು ಕೇಳಿದಳು. "ಫೋನಲ್ಲೇ ಹೇಳಬಹುದಿತ್ತಲ್ಲಮ್ಮ."

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

"ಬರ್ತಿರ್ಲಿಲ್ಲ" ಎಂದು ಒಪ್ಪಿಕೊಂಡಳು. ಹೊರಡುವ ಮುಂಚೆ, "ನಾಳೆ ಗುಡ್ಡಕ್ಕೆ ನಾನು ಬರಲ್ಲ. ಒಂದ್ಸಲ ನೋಡಿದೀನಿ, ಸಾಕು. ನೀನು ನೋಡಿದೀಯಾ?"

"ನಾನು ಇದೇ ಊರಲ್ಲಿ ಹುಟ್ಟಿದ್ದು."

"ನಾನು ಕೇಳಿದ್ದು ಅದಲ್ಲ" ಎಂದು ಬೆನ್ನು ತಟ್ಟಿ ಹೋದಳು.

ಫೆಬ್ರವರಿ 5, ಭಾನುವಾರ

ಕೆನ್ನೆ ಊದಿದೆ. ಹಳೆಯ ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ. ಅಪ್ಪ ನನ್ನ ಕೆನ್ನೆ ನೋಡಿ, "ಬಿದ್ರಾ? ಔಷಧಿ ಹಚ್ಚಿಕೊಳ್ಳಿ" ಎಂದ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡು ಬಟ್ಟೆ ಒಗೆದೆ.

ಫೆಬ್ರವರಿ 14, ಮಂಗಳವಾರ

ಅಂದಿನಿಂದ ಅಪ್ಪನಿಗೆ ಜ್ವರ. ಈಗ ಜ್ವರ ಬಿಟ್ಟಿದೆ, ಮಾತೂ ಬಿಟ್ಟಿದೆ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಟ್ಟು, "ಇದೇನು?" ಎಂದು ಕೇಳಿದೆ. "ಉಪ್ಪು" ಎಂದ.

ಅಣ್ಣ ಬಂದ. ಕೆನ್ನೆಯ ಕಲೆ ನೋಡಿ ಏನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು. ಆರೈಕೆ ಮನೆಯಲ್ಲಿ ಜಾಗ ಸಿಕ್ಕಿದೆಯಂತೆ. ಮಾರ್ಚ್ ಹದಿಮೂರಕ್ಕೆ ಬಿಡಬಹುದು.

"ನಿನ್ನ ಮೇಲೆ ಹೇರ್ತಾ ಇಲ್ಲ. ನೀನು ಬೇಡ ಅಂದ್ರೆ ಬೇಡ."

ಜನವರಿಯಲ್ಲಿ ಹೇಳದ ಮಾತು ಈಗ ನಾಲಿಗೆಯ ತುದಿಗೆ ಬಂತು. ಆದರೆ ಚಿತ್ರಮಂದಿರದ ಮೆಟ್ಟಿಲಲ್ಲಿ ಕೂತ ಅವನ ಮುಖವೂ ಕಣ್ಣ ಮುಂದೆ ಬಂತು. ನಾನು ಅಂಗಡಿಯಲ್ಲಿರುವಾಗ ಅವನು ಹಾಗೆ ಎಲ್ಲೋ ಕೂತು ಎಣಿಸುತ್ತಿದ್ದರೆ, ಪಕ್ಕದಲ್ಲಿ ಬಂದು ಕೂರುವವರು ಯಾರು?

"ಸರಿ" ಎಂದೆ.

ಅಣ್ಣ ಅಳುತ್ತಾನೆಂದು ನಾನು ಎಣಿಸಿರಲಿಲ್ಲ.

ಫೆಬ್ರವರಿ 27, ಸೋಮವಾರ

ಬೀಗ ಹಾಕುವುದು ಬಿಟ್ಟಿದ್ದೇನೆ. ಅಂಗಡಿಗೆ ರಜೆ ಹೇಳಿದ್ದೇನೆ. ಏನೂ ಮಾಡುವುದಿಲ್ಲ, ಇಬ್ಬರೂ ಕಿಟಕಿಯಲ್ಲಿ ಕೂರುತ್ತೇವೆ. ಕೆಳಗೆ ದರ್ಜಿಯ ಯಂತ್ರದ ಸದ್ದು. ಅದು ನಿಂತಾಗ ಅಪ್ಪ ತಲೆ ಎತ್ತುತ್ತಾನೆ.

ಮಾರ್ಚ್ 11, ಶನಿವಾರ

ಅಪ್ಪನ ಬಟ್ಟೆ ಚೀಲಕ್ಕೆ ಮಡಿಸಿಡುತ್ತಿದ್ದೆ. ಅವನು ಕಿಟಕಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತ. ಇಷ್ಟು ದಿನದ ಮೇಲೆ ಮಾತಾಡಿದ.

"ತಾವು ಹೊರಟಿರಾ? ಏನೂ ನೋಡದೆ?"

ಕೈಯಲ್ಲಿದ್ದ ಅಂಗಿಯನ್ನು ಚೀಲದೊಳಗೆ ತಳ್ಳಿದೆ. "ಇಲ್ಲ. ಈಗಷ್ಟೇ ಬಂದೆ."

"ಎಷ್ಟು ದಿನ ಇರ್ತೀರಿ?"

"ನಾಳೆ ಒಂದರ್ಧ ದಿನ."

ಅವನು ಕುರ್ಚಿ ಎಳೆದು ನನಗೆ ಹಾಕಿದ. ಕೈಯಿಂದ ಕುರ್ಚಿಯ ಧೂಳು ಒರೆಸಿದ. ನಾನು ಕೂತೆ. ಅವನು ಎದುರಿಗೆ ಕೂತು ಮಂಡಿಯ ಮೇಲೆ ಕೈ ಇಟ್ಟುಕೊಂಡ.

"ಅರ್ಧ ದಿನಕ್ಕೆ ಎಲ್ಲಾ ನೋಡ್ತೀನಿ ಅಂತ ಓಡಾಡಿದ್ರೆ ಏನೂ ನೋಡಿದ ಹಾಗಾಗಲ್ಲ ಮೇಡಂ. ಒಂದು ಜಾಗ ನೋಡಿ. ತಮಗೇನು ಇಷ್ಟ? ಹಳೇ ಕಟ್ಟಡವಾ, ನೀರಾ, ಅಂಗಡಿ ಬೀದಿಯಾ?"

ಏನು ಇಷ್ಟ ಎಂದು ಯಾರಾದರೂ ನನ್ನನ್ನು ಕೇಳಿ ಎಷ್ಟು ಕಾಲವಾಯಿತೋ. ಹೇಳಲು ಹೊತ್ತು ಹಿಡಿಯಿತು.

"ಎತ್ತರದಿಂದ ನೋಡೋದು ಇಷ್ಟ."

"ಹಾಗಾದ್ರೆ ಗುಡ್ಡ. ಬೆಳಿಗ್ಗೆ ತಂಪಲ್ಲಿ ಹೊರಡೋಣ. ಅರ್ಧದವರೆಗೆ ಬಸ್ಸಿದೆ. ಆಮೇಲೆ ಮೆಟ್ಟಿಲು, ನಿಧಾನಕ್ಕೆ. ನಾನಿರ್ತೀನಲ್ಲ, ಹೆದರಬೇಡಿ."

ಅಣ್ಣನಿಗೆ ಫೋನು ಮಾಡಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. "ಮೆಟ್ಟಿಲು ಶುರುವಾಗೋ ಕಡೆ ನಾನು ಕಾರು ತಂದು ನಿಲ್ಲಿಸಿರ್ತೀನಿ. ಮೇಲೆ ಬರಲ್ಲ. ಏನಾದ್ರೂ ಆದ್ರೆ ಕೂಗು" ಎಂದ.

ಮಾರ್ಚ್ 12, ಭಾನುವಾರ

ಬೆಳಿಗ್ಗೆ ಎದ್ದಾಗ ಅವನಿಗೆ ಎಲ್ಲ ಮರೆತಿರುತ್ತದೆ ಎಂದುಕೊಂಡು ನಾನೇ ಕೇಳಿದೆ. "ಗುಡ್ಡ ತೋರಿಸ್ತೀರಾ?" ಅಪ್ಪನಿಗೆ ನಾನು ಬಹುವಚನ ಹಾಕಿದ್ದು ಹುಟ್ಟಿದಮೇಲೆ ಇದೇ ಮೊದಲು. ತಕ್ಷಣ ಶೂ ಹಾಕಿಕೊಂಡ.

ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ನನಗೆ ಬಿಟ್ಟ. ಮೆಟ್ಟಿಲ ಬುಡದಲ್ಲಿ ಅಣ್ಣನ ಕಾರು ಮರದ ನೆರಳಿಗೆ ನಿಂತಿತ್ತು, ಗಾಜು ಏರಿಸಿಕೊಂಡು. ನಾನು ನೋಡಿಯೂ ನೋಡದಂತೆ ದಾಟಿದೆ.

ಅಪ್ಪ ಒಂದೊಂದು ಮೆಟ್ಟಿಲಿಗೂ ನನ್ನ ಕಾಲನ್ನೇ ನೋಡುತ್ತಿದ್ದ. "ಇಲ್ಲಿ ಕಲ್ಲು ಅಲ್ಲಾಡುತ್ತೆ. ಈ ಕಡೆ ಇಡಿ. ಹಾಂ." ನಾನು ಹಿಂದಿನಿಂದ ಅವನ ಬೆನ್ನಿಗೆ ಕೈ ಚಾಚಿಕೊಂಡೇ ಹತ್ತುತ್ತಿದ್ದೆ, ತಾಗಿಸದೆ. ಎರಡು ಸಲ ಕೂತೆವು. ಕೂರುವಾಗ, "ನಿಮಗೆ ದಣಿವಾಗಿದೆ, ನನಗಲ್ಲ" ಎಂದ.

ಮೇಲೊಂದು ಮುರುಕಲು ಕಾವಲು ಗೋಪುರವಿದೆ. ಅದರ ಕಟ್ಟೆಯ ಮೇಲೆ ನಿಂತರೆ ಊರು ಪೂರ್ತಿ ಕಾಣುತ್ತದೆ. ನನ್ನ ಶಾಲೆ, ಅಂಗಡಿ ಬೀದಿ, ನೀರಿನ ಟ್ಯಾಂಕು, ಎಲ್ಲ ಅಂಗೈಯಲ್ಲಿ ಹಿಡಿಯುವಷ್ಟು ಹತ್ತಿರ. ಗಾಳಿ ಬೀಸುತ್ತಿತ್ತು. ಹೊಸ ಕನ್ನಡಕ ನಾನೇ ತಯಾರಿಸಿಕೊಂಡದ್ದು, ಎಲ್ಲವೂ ಗೆರೆ ಎಳೆದ ಹಾಗೆ ಸ್ಪಷ್ಟವಾಗಿ ಕಂಡಿತು.

ಅಪ್ಪ ದನಿ ಇಳಿಸಿದ. "ನಮ್ಮೂರು ಚಿಕ್ಕದು. ಚಿಕ್ಕದು ಅಂತ ಬೇಜಾರು ಮಾಡ್ಕೋಬೇಡಿ. ಒಬ್ಬ ಮನುಷ್ಯನಿಗೆ ನೋಡೋಕೆ ಇಷ್ಟಿದ್ರೆ ಸಾಕು."

ಕೈ ಚಾಚಿ ತೋರಿಸುತ್ತಾ ಹೋದ. ಕೋಟೆ. ಹಿತ್ತಾಳೆ ಬೀದಿ. ಆಮೇಲೆ ಅವನ ಬೆರಳು ಬಿಳಿಯ ಆಸ್ಪತ್ರೆ ಕಟ್ಟಡದ ಮೇಲೆ ಬಂತು, ನಿಲ್ಲಲಿಲ್ಲ, ದಾಟಿ ಕೆರೆಗೆ ಹೋಯಿತು. ಆ ಕಟ್ಟಡ ಇಲ್ಲಿಂದ ಇಷ್ಟು ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿಟಕಿಗಳನ್ನು ಎಣಿಸಬಹುದು. ಆವತ್ತು ಅವನು ಇಲ್ಲೇ ನಿಂತಿದ್ದನಲ್ಲ.

ಕೇಳಬಹುದಿತ್ತು. ಆ ಬಿಳಿ ಕಟ್ಟಡ ಯಾವುದು ಅಂದರೆ ಸಾಕಿತ್ತು. ಕೇಳಲಿಲ್ಲ. ಊರು ನೋಡಲು ಬಂದವಳಿಗೆ ಅದೆಲ್ಲ ಯಾಕೆ? ಕೆರೆ ನೋಡಿದೆ.

"ನಿಮಗೆ ಮಕ್ಕಳಿದಾರಾ?" ಎಂದು ಕೇಳಿದೆ, ಬೇರೆ ಏನಾದರೂ ಮಾತಾಡಬೇಕೆಂದು.

"ಹುಡುಗ ಇದಾನೆ. ಒಬ್ಬಳು ಹುಡುಗಿ, ಚಿಕ್ಕವಳು. ಅವಳಿಗೂ ನಿಮ್ಮ ಹಾಗೆ, ಎತ್ತರ ಅಂದ್ರೆ ಆಯ್ತು. ಎಲ್ಲಿ ಏಣಿ ಕಂಡ್ರೂ ಹತ್ತಿ ಕೂತಿರ್ತಾಳೆ. ಅವಳಮ್ಮ ಕೆಳಗೆ ನಿಂತು ಕೂಗ್ತಿರ್ತಾಳೆ." ನಕ್ಕ. "ಅವಳನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬರ್ಬೇಕು."

"ಕರ್ಕೊಂಡು ಬನ್ನಿ."

"ಅವಳಿಗೆ ರಜ ಇದ್ದಾಗ್ಲೇ ನಮಗೆ ಕೆಲಸ, ನೋಡಿ."

ನಾನು ಏಣಿ ಹತ್ತುತ್ತಿದ್ದೆ ಎನ್ನುವುದು ನನಗೇ ಮರೆತುಹೋಗಿತ್ತು.

ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಪ್ಪ ಛತ್ರಿ ಬಿಡಿಸಿ ಗಾಳಿಗೆ ಅಡ್ಡ ಹಿಡಿದು ನಿಂತ. "ಆತುರ ಇಲ್ಲ. ಎಷ್ಟು ಹೊತ್ತು ಬೇಕಾದ್ರೂ ನೋಡಿ" ಎಂದ. ನೋಡಿದೆ. ಇಳಿದು ಬಂದಾಗ ಅಣ್ಣ ಕಾರಿನಿಂದ ಇಳಿದು ಬಾಗಿಲು ತೆಗೆದು ಹಿಡಿದ. ಅಪ್ಪ ನನ್ನನ್ನು ಮೊದಲು ಹತ್ತಿಸಿದ.

ಮಾರ್ಚ್ 13, ಸೋಮವಾರ

ಬಿಟ್ಟು ಬಂದೆವು.

ಮಾರ್ಚ್ 26, ಭಾನುವಾರ

ಮೊದಲ ಎರಡು ವಾರ ಬರಬೇಡಿ, ಅವರಿಗೆ ಜಾಗ ಒಗ್ಗಲಿ ಎಂದಿದ್ದರು. ಇವತ್ತು ಹೋದೆ. ಅಪ್ಪ ತೋಟದ ಬೆಂಚಿನ ಮೇಲೆ ಕೂತಿದ್ದ. ಸೊರಗಿದ್ದಾನೆ, ಗಡ್ಡ ನುಣ್ಣಗೆ ತೆಗೆದಿದ್ದಾರೆ. ನೋಡಿಕೊಳ್ಳುವ ಹೆಂಗಸು, "ಊಟ ಮಾಡ್ತಾರೆ, ಮಾತು ಕಡಿಮೆ" ಎಂದಳು.

ಪಕ್ಕದಲ್ಲಿ ಕೂತೆ. ನನ್ನ ಗುರುತು ಇರಲಿಲ್ಲ. ಮಗಳಾಗಿಯೂ ಇಲ್ಲ, ಊರು ನೋಡಲು ಬಂದವಳಾಗಿಯೂ ಇಲ್ಲ. ಸುಮ್ಮನೆ ಕೂರುವುದು ನಮಗೆ ಈಗ ಕಷ್ಟವೇನಲ್ಲ. ಕೂತಿದ್ದೆವು.

ಆಮೇಲೆ ನಾನೇ ಹೇಳಲು ಶುರುಮಾಡಿದೆ. "ಈಚೆಗೆ ಒಂದು ಊರಿಗೆ ಹೋಗಿದ್ದೆ. ಅಲ್ಲೊಂದು ಗುಡ್ಡ. ಅರ್ಧದವರೆಗೆ ಬಸ್ಸಿದೆ, ಆಮೇಲೆ ಮೆಟ್ಟಿಲು. ಬೆಳಿಗ್ಗೆ ತಂಪಲ್ಲೇ ಹತ್ತಬೇಕು. ಒಂದು ಕಡೆ ಕಲ್ಲು ಅಲ್ಲಾಡುತ್ತೆ, ನೋಡಿಕೊಂಡು ಕಾಲಿಡಬೇಕು." ಎಲ್ಲ ಹೇಳಿದೆ. ಗೋಪುರ, ಕೋಟೆ, ಕೆರೆ. ಅಲ್ಲಿ ತೋಟದಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು, ನಾನು ದನಿ ಇಳಿಸಿ ಹೇಳಿದೆ. ಅಪ್ಪ ಸ್ವಲ್ಪ ನನ್ನ ಕಡೆ ಸರಿದ.

"ಯಾರು ಕರ್ಕೊಂಡು ಹೋಗಿದ್ರು?" ಎಂದ.

"ಒಬ್ಬ ಗೈಡ್."

"ಚೆನ್ನಾಗಿ ತೋರಿಸಿದ್ರಾ?"

"ತುಂಬಾ ಚೆನ್ನಾಗಿ ತೋರಿಸಿದ್ರು."

ಸ್ವಲ್ಪ ಹೊತ್ತು ಯೋಚಿಸಿ, "ಅದೃಷ್ಟ ನಿಮ್ದು. ಒಳ್ಳೇ ಗೈಡುಗಳು ಈಗ ಸಿಗಲ್ಲ" ಎಂದ.

ಹೊರಟಾಗ ಅವನೂ ಎದ್ದ. ಆ ಹೆಂಗಸು ತಡೆಯಲು ಬಂದಳು, ನಾನು ಬೇಡ ಎಂದೆ. ನಿಧಾನವಾಗಿ ಗೇಟಿನವರೆಗೆ ಬಂದ. ಬಸ್ಸು ಬಂತು. ನನ್ನನ್ನು ಹತ್ತಿಸಿ ಕೈ ಮುಗಿದು, "ಇನ್ನೊಮ್ಮೆ ಬನ್ನಿ. ಇನ್ನೂ ನೋಡೋದು ಬೇಕಾದಷ್ಟಿದೆ" ಎಂದ.

ಬರುತ್ತೇನೆ ಎಂದೆ.

ನನ್ನನ್ನು ಕಳಿಸಿಕೊಡಲು ಅಪ್ಪ ಬಾಗಿಲಿಗೆ ಬಂದದ್ದು ನೆನಪೇ ಇಲ್ಲ ನನಗೆ. ಇವತ್ತು ಬಸ್ಸು ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದ.